ಟವಲಿನಡಿಯ ಕೈ

ನಮ್ಮ ಅಬ್ಬ ಯಾಕೂಬ್ ಸಾಹೇಬರು ಸಕಲೇಶಪುರದಲ್ಲಿ ಕಾಳುಮೆಣಸಿನ ಮಂಡಿ ಇಟ್ಟು ಹೆಸರಾದದ್ದು ಬಾಯಿಂದಲ್ಲ, ಬೆರಳಿನಿಂದ. ದರ ಹೇಳಬೇಕಾದಾಗ ಹೆಗಲ ಮೇಲಿನ ಟವಲನ್ನು ಎದುರಿನವನ ಕೈಗೆ ಹೊದಿಸಿ, ಒಳಗೆ ಅವನ ಬೆರಳು ಹಿಡಿಯುತ್ತಿದ್ದರು. ಯಾವ ಬೆರಳು, ಎಷ್ಟು ಗಂಟು, ಅದೇ ದರ. ಸುತ್ತ ನಿಂತವರಿಗೆ ಟವಲು ಅಲುಗಾಡುವುದಷ್ಟೇ ಕಾಣುತ್ತಿತ್ತು. ಆ ಟವಲಿನಡಿಗೆ ಅಣ್ಣ ತಾರಿಕ್‌ನ ಕೈ ಹೋಗುತ್ತಿತ್ತು, ನನ್ನದು ಹೋಗುತ್ತಿರಲಿಲ್ಲ. ಬಿ.ಕಾಂ. ಮುಗಿಸಿ ಮಂಡಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ನಾನು. ಆದರೂ ದರದ ಮಾತು ಬಂದ ಕೂಡಲೇ "ಅಫ್ಶಾನ್, ಚಾ ತಗೊಂಬಾ" ಎನ್ನುತ್ತಿದ್ದರು. ಚಾ ಕಾಯಿಸಿ ಕಾಯಿಸಿ ನನಗೆ ಸಿಟ್ಟು ಬಂದಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

2008ರಲ್ಲಿ ರಫ್ತು ಕಂಪನಿಯೊಂದು ಮೆಣಸಿನ ಟೆಂಡರನ್ನು ತನ್ನ ವೆಬ್‌ಸೈಟಿನಲ್ಲೇ ಕರೆಯಿತು. ಯಾವ ದರಕ್ಕೆ ಮಾಲು ಕೊಡುತ್ತೇವೆಂದು ಮಂಡಿಯವರು ಅಲ್ಲಿ ಬರೆಯಬೇಕು. ಎಲ್ಲಕ್ಕಿಂತ ಕಡಿಮೆ ದರ ಹೆಸರಿಲ್ಲದೆ ಎಲ್ಲರಿಗೂ ಕಾಣುತ್ತದೆ. ಕೊನೆಯ ದಿನ ಬೆಳಗಾದ ಮೇಲೆ ಬರೆದ ದರ ಮಾತ್ರ ಯಾರಿಗೂ ಕಾಣುವುದಿಲ್ಲ. ಗೆದ್ದವರಿಗೆ ಇಡೀ ವರ್ಷದ ಸರಬರಾಜು. ನಮ್ಮ ವ್ಯಾಪಾರ ಆಗಲೇ ಕುಂಟುತ್ತಿತ್ತು, ಇದು ಸಿಗದಿದ್ದರೆ ಮಂಡಿಗೆ ಬೀಗ ಹಾಕುವುದೇ ಗತಿ. ಪಕ್ಕದ ಮಂಡಿಯ ದೇವೀರಪ್ಪನವರೂ ಅದರ ಮೇಲೆ ಕಣ್ಣಿಟ್ಟಿದ್ದರು.

ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಅಬ್ಬ ಆ ಪುಟಕ್ಕೆ ಹೊಸ ದರ ತರಿಸುವ ಗುಂಡಿಯನ್ನು ಬೆಳಗಿನಿಂದ ತಟ್ಟುತ್ತಲೇ ಕೂತರು. ದರ ಇಳಿಯಿತೇ, ತಟ್ಟು. ಇಳಿಯಲಿಲ್ಲವೇ, ಇನ್ನೊಮ್ಮೆ ತಟ್ಟು. ಮಧ್ಯಾಹ್ನದ ಹೊತ್ತಿಗೆ ಸೈಟು ನಮ್ಮ ಲೈನಿಗೆ ಬಾಗಿಲು ಹಾಕಿಕೊಂಡಿತು. ಕಂಪನಿಗೆ ಫೋನ್ ಮಾಡಿದೆ. "ಹಂಗೆ ಮೇಲಿಂದ ಮೇಲೆ ಬಂದ್ರೆ ಕಳ್ಳ ಅಂದ್ಕಳ್ಳುತ್ತೆ ಕಣಮ್ಮ. ಬಾಗಿಲು ತಾನಾಗೇ ತೆಗೆಯಕ್ಕೆ ಎರಡು ದಿನ ಬೇಕು. ಬೇರೆ ದಾರಿಯಿಂದ ಬನ್ನಿ" ಎಂದ ಅಲ್ಲಿನ ಗುಮಾಸ್ತ. ಟೆಂಡರ್ ಮುಗಿಯುವುದು ಮರುದಿನ ಮಧ್ಯಾಹ್ನಕ್ಕೆ. ಬಸ್‌ಸ್ಟ್ಯಾಂಡಿನ ಇಂಟರ್‌ನೆಟ್ ಅಂಗಡಿ ದೇವೀರಪ್ಪನವರ ಅಳಿಯನದು. ಅಲ್ಲಿ ಹೋಗಿ ದರ ಬರೆಯುವುದೂ ಮಾವನ ಕಿವಿಯಲ್ಲಿ ಹೇಳುವುದೂ ಒಂದೇ.

"ಪ್ರಾಕ್ಸಿ ಅಂತ ಐತೆ ಅಬ್ಬ. ನಮ್ಮ ಬದ್ಲು ಇನ್ನೊಂದು ಕಂಪ್ಯೂಟರ್ ಹೋಗಿ ಬಾಗಿಲು ತಟ್ಟುತ್ತೆ. ಸೈಟಿಗೆ ಅದರ ಮುಖ ಕಾಣುತ್ತೆ, ನಮ್ಮದಲ್ಲ" ಎಂದೆ.

"ದಲ್ಲಾಳಿ ಅನ್ನು."

"ಹೂಂ, ದಲ್ಲಾಳೀನೇ. ನಾವು ಕೊಟ್ಟಿದ್ದೆಲ್ಲ ಅವನ ಕೈ ಮೇಲೇ ಹೋಗೋದು. ಅದ್ಕೇ ನೋಡಿ ಹಿಡೀಬೇಕು."

ನಾನು ಬೆಂಗಳೂರಿನ ಒಂದು ಕಂಪನಿಯನ್ನು ನೋಡಿಟ್ಟಿದ್ದೆ. ತಿಂಗಳಿಗಿಷ್ಟು ಬಾಡಿಗೆ. ತಾರಿಕ್ ಎಲ್ಲಿಂದಲೋ ಪುಕ್ಕಟೆ ಪ್ರಾಕ್ಸಿಯ ವಿಳಾಸ ಹಿಡಿದು ತಂದ. ಅದರ ಯಜಮಾನ ಯಾರು ಎಂದು ಕೇಳಿದರೆ "ಜಪಾನಿಂದು ಕಣೇ, ಜಪಾನಿನೋರು ಮೋಸ ಮಾಡಲ್ಲ" ಎಂದ. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಅಕ್ಷರಶಃ ನಡೆಯಿತು. ಮಗ ತಂದ, ಅಪ್ಪ ಒಪ್ಪಿದರು.

"ಅದ್ರಲ್ಲಿ ಹೋದ್ರೆ ಪುಟದ ಮೇಲೆ ಬೀಗದ ಚಿತ್ರ ಬರ್ತಿಲ್ಲ ಅಬ್ಬ. ಬೀಗ ಇಲ್ದಿದ್ರೆ ನಮ್ಮ ಪಾಸ್‌ವರ್ಡು ಅವನಿಗೆ ಓದಕ್ಕೆ ಬರುತ್ತೆ."

ಅಬ್ಬ ಟವಲು ಕೊಡವಿ ತಾರಿಕ್‌ನ ಕೈಗೆ ಹೊದಿಸಿದರು. "ಅಫ್ಶಾನ್, ಚಾ ತಗೊಂಬಾ."

ನಾನು ಚಾ ತರುವುದರೊಳಗೆ ಪಾಸ್‌ವರ್ಡೂ ದರವೂ ಪುಕ್ಕಟೆ ದಲ್ಲಾಳಿಯ ಮೂಲಕ ಹೋಗಿಯಾಗಿತ್ತು. ಆ ಚಾಕ್ಕೆ ನಾನು ಸಕ್ಕರೆ ಹಾಕಿರಲಿಲ್ಲ. ಯಾರೂ ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಪೇಪರ್ ಓದಲು ಎಂದಿನಂತೆ ನಮ್ಮ ಮಂಡಿಗೆ ಬಂದ ದೇವೀರಪ್ಪನವರು ಪೇಪರ್ ಮುಟ್ಟಲಿಲ್ಲ. ಹೊಟ್ಟೆ ಹಿಡಿದು ನಗುತ್ತಿದ್ದರು.

"ಯಾಕೂಬಣ್ಣ, ಟೆಂಡರ್ ನೋಡಿದ್ರಾ? ಯಾವನೋ ಕೆ.ಜಿ. ಮೆಣಸು ಎರಡು ರೂಪಾಯಿಗೆ ಕೊಡ್ತೀನಿ ಅಂತ ಬರ್ದವ್ನೆ ಮಾರಾಯ್ರೆ. ಮನೆ ಮಠ ಮಾರ್ಕಂಡು ಹೋಗ್ಬುಡ್ತಾನೆ."

"ಯಾವನೋ ತಲೆಕೆಟ್ಟೋನು ಇರ್ಬೇಕು" ಎಂದರು ಅಬ್ಬ, ಗತ್ತಿನಿಂದ.

ಅಷ್ಟರಲ್ಲಿ ಫೋನು ಬಂತು. ನಾನೇ ಎತ್ತಿದೆ. ಅದೇ ಗುಮಾಸ್ತ. ರಾತ್ರಿ ಯಾರೋ ನಮ್ಮ ಪಾಸ್‌ವರ್ಡ್ ಹಾಕಿಕೊಂಡು ಒಳಹೊಕ್ಕು ನಮ್ಮ ದರವನ್ನು ಎರಡು ರೂಪಾಯಿ ಎಂದು ತಿದ್ದಿದ್ದಾರೆ. ಅದು ನೀವಲ್ಲವಾದರೆ ಹೊಸ ಪಾಸ್‌ವರ್ಡ್ ಇಟ್ಟು ಮಧ್ಯಾಹ್ನದೊಳಗೆ ಸರಿಯಾದ ದರ ಬರೆಯಿರಿ, ಇಲ್ಲವಾದರೆ ನಿಮ್ಮನ್ನು ಟೆಂಡರಿನಿಂದ ತೆಗೆಯುತ್ತೇವೆ ಎಂದ. ನಾನು ಅಬ್ಬನ ಕಿವಿಯಲ್ಲಿ ಹೇಳಿದೆ. ತಲೆಕೆಟ್ಟವನು ಯಾರೆಂದು ತಿಳಿದಾಗ ಅವರ ಮುಖ ಹಸಿ ಮೆಣಸಿನ ಬಣ್ಣಕ್ಕೆ ತಿರುಗಿತು. ನನಗೆ ನಗು ಬಂತು, ಹಿಂದೆಯೇ ಅಯ್ಯೋ ಅನ್ನಿಸಿತು. ಮಂಡಿ ಹೋದರೆ ಅವರು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು?

ತಾರಿಕ್ ಜಪಾನಿನ ಪರವಾಗಿ ಏನೋ ಹೇಳಹೊರಟ. ಅಬ್ಬ ಕೈಯೆತ್ತಿ ತಡೆದರು.

"ನಿನ್ ಬೆಂಗಳೂರಿನೋನು ಎಂಥೋನು?" ಎಂದು ಮೆಲ್ಲಗೆ ನನ್ನನ್ನು ಕೇಳಿದರು.

"ಅವನಿಗೆ ಹೆಸರು, ಊರು ಐತೆ. ಫೋನ್ ಮಾಡಿದ್ರೆ ಎತ್ತುತಾನೆ. ನಮ್ಮದು ಏನೇನು ಬರ್ದಿಟ್ಕತಾನೆ ಅಂತ ಕೇಳಿದ್ದಕ್ಕೆ ನೆಟ್ಟಗೆ ಹೇಳಿದ. ಬೀಗದ ಚಿತ್ರಾನೂ ಬರುತ್ತೆ. ಅದು ಬಂದ್ರೆ ನಮ್ಮ ಗಂಟು ಹೊರೋದಷ್ಟೇ ಅವನ ಕೆಲ್ಸ, ಬಿಚ್ಚಿ ನೋಡಕ್ಕಾಗಲ್ಲ. ಬಾಡಿಗೆ ಇಸ್ಕತಾನೆ."

"ದಲ್ಲಾಳೀನ ನಾನೂ ಹಿಂಗೇ ವಿಚಾರಿಸ್ತಿದ್ದೆ" ಎಂದರು ಅಬ್ಬ. "ಪುಕ್ಕಟೆ ದಲ್ಲಾಳಿ ಎರಡೂ ಕಡೆ ತಿಂತಾನೆ. ನನಗಿದು ಗೊತ್ತಿತ್ತು ಕಣವ್ವ." ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾನು ಬೆಂಗಳೂರಿನವನಿಗೆ ಫೋನ್ ಮಾಡಿ, ಅವನ ದಾರಿಯಿಂದ ಸೈಟು ಹೊಕ್ಕೆ. ಬೀಗದ ಚಿತ್ರ ಬಂತು. ಪಾಸ್‌ವರ್ಡ್ ಬದಲಿಸಿದೆ. ದರ ಬರೆಯುವ ಜಾಗ ಖಾಲಿ ಕಾಯುತ್ತಿತ್ತು. ದೇವೀರಪ್ಪನವರು ಪೇಪರನ್ನು ತಲೆಕೆಳಗಾಗಿ ಹಿಡಿದು ಕಿವಿ ನಮ್ಮ ಕಡೆ ಇಟ್ಟು ಕೂತಿದ್ದರು. ಬಾಯಿಬಿಟ್ಟು ಹೇಳಿದರೆ ಅವರು ಓಡಿಹೋಗಿ ನಾಲ್ಕಾಣೆ ಕಡಿಮೆ ಬರೆಯುತ್ತಾರೆ. ತಾರಿಕ್ ಅಭ್ಯಾಸಬಲದಿಂದ ಕೈ ಚಾಚಿದ.

ಅಬ್ಬ ಟವಲು ತೆಗೆದರು. ಅದನ್ನು ನನ್ನ ಕೈಗೆ ಹೊದಿಸಿದರು.

ಅವರ ಬೆರಳು ಒರಟಾಗಿತ್ತು. ಒಂದು ದರ ಹಿಡಿದರು. ಮೊದಲ ಕೈ ಯಾವಾಗಲೂ ಸುಳ್ಳು, ಎದುರಿನವನನ್ನು ಅಳೆಯುವುದಕ್ಕೆ. ಚಾ ಲೋಟ ಹಿಡಿದು ನಿಂತೇ ನಾನು ಅದನ್ನು ಕಲಿತಿದ್ದೆ. ಅವರ ಬೆರಳನ್ನು ಹಿಂದಕ್ಕೆ ದಬ್ಬಿದೆ. ಅಬ್ಬನ ಮೀಸೆ ಅಲುಗಿತು. ಆಮೇಲೆ ನಿಜವಾದ ದರ ಹಿಡಿದರು. ಬರೆದೆ.

"ಏನ್ ಯಾಕೂಬಣ್ಣ, ಮಗಳ ಜೊತೇಲೇ ಯಾಪಾರನಾ?" ಎಂದರು ದೇವೀರಪ್ಪನವರು.

ಅಬ್ಬ ಟವಲನ್ನು ಹೆಗಲಿಗೆ ಹಾಕಿಕೊಂಡರು.

"ತಾರಿಕ್, ಚಾ ತಗೊಂಬಾ. ದೇವೀರಪ್ಪನೋರಿಗೂ ಒಂದು" ಎಂದರು.

ಮಧ್ಯಾಹ್ನದ ನಂತರ ಟೆಂಡರ್ ನಮ್ಮದಾಯಿತು. ತಾರಿಕ್ ಮಾಡಿದ ಚಾ ಮಾತ್ರ ಬಾಯಿಗೆ ಇಡುವ ಹಾಗಿರಲಿಲ್ಲ. ನಾನು ಪೂರ್ತಿ ಕುಡಿದೆ.