ಮದ್ದಿನ ಮೆಷಿನು

“ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳುದು. ಕುಂಡೆಗೆ ಮುಳ್ಳು ಹೆಟ್ಟಿದ್ಯಾ ನಿಮಗೆ, ಬೇವರ್ಸಿಗಳೇ?”

ದೇರಣ್ಣ ಗೌಡರು ಬೈಯುತ್ತ ಹತ್ತಿರ ಬಂದದ್ದೇ ತಡ, ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಂತರು. ಗೌಡರು ಆಚೆ ಹೋದರು, ಇವರು ಕೂತರು. ಫೋಟೊದವನು ಕ್ಯಾಮೆರಾ ಎತ್ತುವಷ್ಟರಲ್ಲಿ ಗೌಡರು ಈಚೆ ಬಂದರು, ಇವರು ಮತ್ತೆ ಎದ್ದರು. ಮಂಡೆಕೋಲಿನ ಕಾಲನಿಯವರಿಗೆ ಧಣಿಯ ಎದುರು ಕೂತು ಅಭ್ಯಾಸವಿಲ್ಲ. ಧಣಿಯೇ ಕೂತುಕೊಳ್ಳಿ ಎಂದರೂ ಕಾಲು ಕೇಳುವುದಿಲ್ಲ. ಇವತ್ತಿನವರೆಗೆ ಗೌಡರ ಆ ಅಂಗಳದಲ್ಲಿ ಅವರು ಗುಡಿಸುವುದಕ್ಕೆ ಬಗ್ಗಿದ್ದು ಬಿಟ್ಟರೆ ಬೇರೆ ಕೆಲಸಕ್ಕೆ ನಿಂತವರೇ ಅಲ್ಲ.

ಅವರ ತಲೆಯ ಮೇಲೆ ಬ್ಯಾನರು ಕಟ್ಟಿತ್ತು. ಪರಿಶಿಷ್ಟ ಜಾತಿಯ ರೈತರಿಗೆ ಗೇರು ಬೆಳೆಯಲ್ಲಿ ಕೀಟ ನಿಯಂತ್ರಣ ತರಬೇತಿ ಮತ್ತು ಸಲಕರಣೆ ವಿತರಣೆ. ದೆಲ್ಲಿಯಿಂದ ಅನುದಾನ ಬಂದಿತ್ತು. ಅನುದಾನಕ್ಕೆ ಪರಿಶಿಷ್ಟರು ಬೇಕು, ಗೇರಿನ ಗುಡ್ಡೆಯೂ ಬೇಕು. ಪರಿಶಿಷ್ಟರ ಹತ್ತಿರ ಗುಡ್ಡೆ ಇಲ್ಲ, ಇದ್ದದ್ದು ಮನೆಯಡಿಯ ನಾಲ್ಕು ಸೆಂಟ್ಸು. ಆದ್ದರಿಂದ ಜಾತಿ ಕಾಲನಿಯದ್ದು, ಗುಡ್ಡೆ ಗೌಡರದ್ದು ಎಂದು ಯೋಜನೆಯ ದೊಡ್ಡ ವಿಜ್ಞಾನಿಯೊಬ್ಬರು ಜಾಣತನದಿಂದ ಜೋಡಿಸಿದ್ದರು. ಅವರನ್ನು ಎಲ್ಲರೂ ಸಾರ್ ಎನ್ನುತ್ತಿದ್ದರು.

ಕಡೆಗೆ ಸಾರ್ ಕೈಮುಗಿದು, ಯಜಮಾನರು ಸ್ವಲ್ಪ ಒಳಗೆ ಹೋದರೆ ಫೋಟೊ ಆಗುತ್ತದೆ ಎಂದರು. ತನ್ನ ಅಂಗಳದಿಂದ ತನ್ನನ್ನೇ ಒಳಗೆ ಕಳಿಸಿದ್ದಕ್ಕೆ ಗೌಡರ ಮುಖ ಕಪ್ಪಿಟ್ಟಿತು. ಹೋದರು. ಫೋಟೊ ಆಯಿತು. ಎದುರಿನ ಸಾಲಿನ ಐದು ಜನರ ಮಡಿಲಲ್ಲಿ ಬೆನ್ನಿಗೆ ಕಟ್ಟಿ ಗಿಡಕ್ಕೆ ಕೀಟದ ಮದ್ದು ಬಿಡುವ ಐದು ಹೊಸ ಮೆಷಿನುಗಳಿದ್ದವು. ನಡುವೆ ಕೂತವನು ಚನಿಯಪ್ಪ. ಮೆಷಿನನ್ನು ಅವನು ಎರಡೂ ಕೈಯಿಂದ ತಬ್ಬಿಕೊಂಡಿದ್ದ.

ಕುರ್ಚಿಗಳ ಹಿಂದೆ ನಿಂತಿದ್ದ ರಮ್ಯಶ್ರೀ ಅವನ ಮಗಳು. ಕೃಷಿ ಡಿಪ್ಲೊಮಾ ಮಾಡಿ ಅದೇ ಯೋಜನೆಯಲ್ಲಿ ಕಾಂಟ್ರಾಕ್ಟಿನ ಕೆಲಸದಲ್ಲಿದ್ದಳು. ಮನೆಮನೆಗೆ ಹೋಗಿ ಇವರನ್ನೆಲ್ಲ ಕರೆತಂದವಳು ಅವಳೇ. ಮೆಷಿನು ಮನೆಗೇ ಕೊಂಡುಹೋಗಬಹುದು ಎಂದು ಮಾತು ಕೊಟ್ಟವಳೂ ಅವಳೇ. ಅವಳ ಸೋದರತ್ತೆ ತನಿಯಾರು ಮಾತ್ರ ನಂಬಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಬಿಡಬೇಕಲ್ಲ ಎಂದಿದ್ದಳು.

ಪೂಜಾರಿ ಬಿಡಲಿಲ್ಲ. ಕಾಲನಿಯವರು ಕೊಟ್ಟಿಗೆಯ ಹಿಂದೆ ಅಡಿಕೆ ಹಾಳೆಯ ತಟ್ಟೆಯಲ್ಲಿ ಉಣ್ಣುತ್ತಿದ್ದಾಗ ಗೌಡರ ತಾಯಿ ಬಂದು, ಇವರು ಕೂತಲ್ಲಿಗೆಲ್ಲ ಸೆಗಣಿ ನೀರು ಚಿಮುಕಿಸಿದರು. ಕುರ್ಚಿಗಳನ್ನೂ ಬಿಡಲಿಲ್ಲ. ಉಂಡು ಬಂದವರು ಮೆಷಿನು ಎತ್ತಲು ಹೋದರೆ ಗೌಡರು ಅಡ್ಡ ನಿಂತರು.

“ನಾಲ್ಕು ಸೆಂಟ್ಸಿಗೆ ಮದ್ದು ಬಿಡ್ಲಿಕ್ಕೆ ನಿನಗೆ ಮೆಷಿನು ಯಾಕಾ? ಹೆಂಡತಿಯ ಹೇನಿಗೆ ಬಿಡುದಾ? ಇಲ್ಲೇ ಇರಲಿ. ಬೇಕಾದಾಗ ಕೇಳು.”

ಚನಿಯಪ್ಪ ಮಗಳ ಕಡೆ ನೋಡಿದ. ಮಗಳು ಸಾರ್ ಕಡೆ ನೋಡಿದಳು. ಸಾರ್ ಜೀಪು ಹತ್ತುತ್ತಿದ್ದರು. ಕೊಟ್ಟದ್ದಕ್ಕೆ ಸಹಿ ಇದೆ, ಫೋಟೊ ಇದೆ, ಮುಂದಿನದ್ದು ನಿಮ್ಮ ಊರಿನ ಪಂಚಾತಿಕೆ ಎಂದರು. ಅವಳ ಕಾಂಟ್ರಾಕ್ಟು ಮಾರ್ಚಿಗೆ ಮುಗಿಯುತ್ತದೆಂದು ನೆನಪಿಸಿದರು. ರಮ್ಯಶ್ರೀ ಜೀಪಿನ ಹಿಂದುಗಡೆ ಹತ್ತಿ ಕೂತಳು.

ಸಂಜೆ ಮನೆಗೆ ಬಂದರೆ ಜಗಲಿಯ ಮೂಲೆಯ ಸೌದೆ ಹೊರಗೆ ಬಿದ್ದಿತ್ತು. ಮೆಷಿನಿಗೆಂದು ಚನಿಯಪ್ಪ ಬೆಳಿಗ್ಗೆಯೇ ಜಾಗ ಮಾಡಿ ಹೋಗಿದ್ದ. ಈಗ ಒಂದೊಂದೇ ಕೊಳ್ಳಿಯನ್ನು ತಂದು ಮತ್ತೆ ಜೋಡಿಸುತ್ತಿದ್ದ. ಸ್ವಂತ ಮೆಷಿನು ಇದ್ದವನನ್ನು ಯಾರು ಬೇಕಾದರೂ ಕೆಲಸಕ್ಕೆ ಕರೆಯುತ್ತಾರೆ, ಅವನು ಯಾರಿಗೆ ಬೇಕಾದರೂ ಒಲ್ಲೆ ಎನ್ನಬಹುದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅವನು ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಗೇರು ಹೂ ಬಿಟ್ಟಿತು. ಚಿಗುರಿನ ರಸ ಹೀರುವ ಟೀ ಸೊಳ್ಳೆ ಬಂತು. ಚನಿಯಪ್ಪ ಗೌಡರ ಕೊಟ್ಟಿಗೆಯಿಂದ ತನ್ನದೇ ಮೆಷಿನನ್ನು ಬೆನ್ನಿಗೇರಿಸಿಕೊಂಡು ಊರವರ ಗುಡ್ಡೆಗಳಿಗೆ ಹೋದ. ಊರವರು ಕೊಟ್ಟ ಸಂಬಳ ಗೌಡರ ಕೈದಾಟಿ ಬರುತ್ತಿತ್ತು, ಅದರಲ್ಲಿ ಅವರು ಮೆಷಿನಿನ ಬಾಡಿಗೆ ಹಿಡಿದುಕೊಂಡರು. ಮೆಷಿನಿನ ಜೊತೆ ಬಂದಿದ್ದ, ಮುಖಕ್ಕೆ ಕಟ್ಟುವ ಮಾಸ್ಕು ಮಾತ್ರ ಅವರ ಕಪಾಟಿನಲ್ಲೇ ಉಳಿಯಿತು. ಮದ್ದಿನ ವಾಸನೆಯಲ್ಲಿ ಮನೆಗೆ ಬಂದ ಅಪ್ಪ ಬಾಗಿಲಲ್ಲಿ ಕೂತು ಕೆಮ್ಮುವಾಗ ರಮ್ಯಶ್ರೀ ಒಳಗೆ ಲ್ಯಾಪ್‌ಟಾಪಿನಲ್ಲಿ ವರದಿ ಬರೆಯುತ್ತಿದ್ದಳು. ಫಲಾನುಭವಿಗಳ ಆದಾಯ ಹೆಚ್ಚಿದೆ. ಹಾಗೆಂದು ಬರೆದ ಬೆರಳುಗಳ ಮೇಲೆ ಅವಳಿಗೇ ಹೇಸಿಗೆಯಾಗುತ್ತಿತ್ತು. ಆದರೂ ಬರೆದಳು.

ಮಾರ್ಚಿಗೆ ಮುಂಚೆ ಅನುದಾನ ಕೊಟ್ಟವರ ತಂಡ ನೋಡಲು ಬರುತ್ತದೆಂದು ಸುದ್ದಿ ಬಂತು. ಸಿಬ್ಬಂದಿಯ ಮನೆಯವರಿಗೆ ಸಲಕರಣೆ ಕೊಡಬಾರದೆಂದು ನಿಯಮವಿರುವುದು ಸಾರ್‌ಗೆ ಆಗ ನೆನಪಾಯಿತು. ತಂಡದ ಎದುರು ಚನಿಯಪ್ಪನನ್ನು ಅಪ್ಪ ಎನ್ನಬಾರದು ಎಂದು ಅವಳಿಗೆ ಹೇಳಿದರು. ಏನು ಕೇಳಿದರೆ ಏನು ಹೇಳಬೇಕೆಂದು ಕಾಲನಿಯವರಿಗೆ ಕಲಿಸಿ ಬರಲೂ ಹೇಳಿದರು. ಅವಳು ಕಲಿಸಿದಳು. ಚನಿಯಪ್ಪ ಶಾಲೆಯ ಮಗುವಿನಂತೆ ಎಲ್ಲ ಒಪ್ಪಿಸಿದ. ಆಮೇಲೆ ಮೆಲ್ಲಗೆ ಕೇಳಿದ:

“ಆಯ್ತು ಮಗ. ನಾನು ನಿನ್ನನ್ನು ಎಂತ ಹೇಳಿ ಕರಿಯುದು? ಮೇಡಂ ಅಂತಲಾ?”

ಅವಳು ಹೌದು ಎಂದಳು.

ತಂಡ ಬಂದ ದಿನ ಮೆಷಿನುಗಳನ್ನು ತೊಳೆದು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದರು. ತಂಡದಲ್ಲಿ ಕನ್ನಡ ಬರುವ ಅಧಿಕಾರಿಣಿ ಒಬ್ಬರಿದ್ದರು. ಪ್ರಯೋಜನ ಆಗಿದೆಯೇ ಎಂದು ಚನಿಯಪ್ಪನನ್ನು ಕೇಳಿದರು. ಅವನು ಕಲಿತದ್ದನ್ನು ಹೇಳಿದ. ಹಾಗಾದರೆ ಹಾಕಿಕೊಂಡು ನಡೆದು ತೋರಿಸಿ, ವೀಡಿಯೊ ಬೇಕು ಎಂದರು.

ಚನಿಯಪ್ಪ ಪಟ್ಟಿಯೊಳಗೆ ತೋಳು ತೂರಿಸಿ ಎದ್ದು ನಡೆದ. ಅಂಗಳದ ತುದಿಗೆ ಹೋದ. ಎಲ್ಲರೂ ನಗುತ್ತಿದ್ದರು. ಮೆಟ್ಟಿಲು ಇಳಿದ. ತಿರುಗಿ ಬರಲಿಲ್ಲ. ಗೇಟು ದಾಟಿ ರಸ್ತೆಗೆ ಇಳಿದೇಬಿಟ್ಟ.

“ಏ ಚನಿಯಾ! ಎಲ್ಲಿಗಾ? ನನ್ನ ಮೆಷಿನು ಇಡಾ ಬೋಳಿಮಗನೇ!”

ಗೌಡರ ಬಾಯಿಂದ ಅದು ಬಂದೇ ಹೋಯಿತು. ಯಾರ ಮೆಷಿನು ಎಂದು ಅಧಿಕಾರಿಣಿ ಕೇಳಿದರು. ಸಾರ್ ನಕ್ಕು, ಯಜಮಾನರದ್ದು ತಮಾಷೆ, ಬೇಕಾದರೆ ನಮ್ಮ ಹುಡುಗಿಯನ್ನೇ ಕೇಳಿ ಎಂದರು. ಎಲ್ಲರೂ ರಮ್ಯಶ್ರೀಯ ಕಡೆ ತಿರುಗಿದರು. ಕಾಲನಿಯವರ ನಡುವೆ ನಿಂತಿದ್ದ ತನಿಯಾರು ಬೇಡ ಎನ್ನುವಂತೆ ತಲೆಯಾಡಿಸಿದಳು. ಕೆಲಸ, ಮಾರ್ಚಿ, ಸಾರ್ ಎಲ್ಲವೂ ರಮ್ಯಶ್ರೀಯ ಕಣ್ಣೆದುರು ಬಂದವು. ಆದರೆ ಮೇಡಂ ಎನ್ನಲಾ ಎಂದು ಕೇಳಿದ ಆ ಮುಖದ ಎದುರು ಯಾವುದೂ ನಿಲ್ಲಲಿಲ್ಲ.

“ಅದು ನನ್ನ ಅಪ್ಪ,” ಎಂದಳು. “ಮೆಷಿನು ಅವರದ್ದೇ. ಐದನ್ನೂ ಈ ಗೌಡರು ಕೊಟ್ಟಿಗೆಯಲ್ಲಿ ಇಟ್ಕೊಂಡು ಬಾಡಿಗೆ ತಿಂದಿದ್ದಾರೆ. ಸಾರ್‌ಗೆ ಗೊತ್ತುಂಟು. ಕಾಲನಿಯವರಿಗೆ ಸುಳ್ಳು ಹೇಳ್ಲಿಕ್ಕೆ ಕಲ್ಸಿದ್ದು ನಾನು.”

ಅಧಿಕಾರಿಣಿ ಕೈಯಲ್ಲಿದ್ದ ಫಲಾನುಭವಿಗಳ ಪಟ್ಟಿ ತಿರುವಿದರು. ಆಮೇಲೆ ಕೇಳಿದ್ದು ಒಂದೇ. ಸಿಬ್ಬಂದಿಯ ತಂದೆ ಫಲಾನುಭವಿ ಆದದ್ದು ಹೇಗೆ? ಅದು ನಿಯಮಕ್ಕೆ ವಿರುದ್ಧ. ಉಳಿದದ್ದು ವಿಚಾರಣೆಯಾಗಲಿ, ಆ ಒಂದು ಮೆಷಿನನ್ನು ಈಗಲೇ ವಾಪಸು ಪಡೆಯಬೇಕು ಎಂದರು. ಸಾರ್ ಥಟ್ಟನೆ ಹೌದು ಮೇಡಂ ಎಂದರು. ಗೌಡರು ಕಣ್ಸನ್ನೆ ಮಾಡಿದ್ದೇ ಅವರ ಇಬ್ಬರು ಆಳುಗಳು ಗೇಟಿನತ್ತ ಓಡಿದರು. ಅವರಲ್ಲೊಬ್ಬನ ಕೈಯಲ್ಲಿ ಗೇರು ಕೊಯ್ಯುವ ಉದ್ದನೆಯ ದೋಟಿಕೋಲು ಇತ್ತು.

ಸತ್ಯ ಹೇಳಿ ಅವಳು ಉಳಿಸಿದ್ದು ಇಷ್ಟು.

ರಮ್ಯಶ್ರೀ ಅಡ್ಡದಾರಿಯಲ್ಲಿ ಗುಡ್ಡೆ ಇಳಿದು ಆಳುಗಳಿಗಿಂತ ಮೊದಲು ರಸ್ತೆಗೆ ಬಂದಳು. ಚನಿಯಪ್ಪ ಇನ್ನೇನು ತಿರುವು ದಾಟುವವನಿದ್ದ. ತಿರುವಿನಾಚೆ ಕಾಡು, ಕಾಡಿನಾಚೆ ಕೇರಳ. ಹಿಂದೆ ಕಾಲಿನ ಸದ್ದು ಕೇಳಿ ಅವನು ಓಡತೊಡಗಿದ. ಅರುವತ್ತರ ಮುದುಕ, ಬೆನ್ನ ಮೇಲೆ ಮೆಷಿನು ಹೊತ್ತು ಓಡುತ್ತಿದ್ದ.

“ಅಪ್ಪಾ,” ಎಂದು ಅವಳು ಇಡೀ ಮಂಡೆಕೋಲಿಗೆ ಕೇಳುವಂತೆ ಕೂಗಿದಳು. “ನಿಲ್ಬೇಡ ಅಪ್ಪಾ. ಓಡು.”

ಮಗಳು ಕರೆದಳೆಂದು ಚನಿಯಪ್ಪ ನಿಂತುಬಿಟ್ಟ.