ಮೂವತ್ತು ದಾಟಿದ ಚುಕ್ಕೆ

ಇಲಿಯ ಬಾಲದ ತುದಿಯನ್ನು ಒಂಚೂರು ಕತ್ತರಿಸಿ, ಅರ್ಧ ನಿಮಿಷಕ್ಕೊಮ್ಮೆ ಹೀರುಕಾಗದಕ್ಕೆ ಒತ್ತಬೇಕು. ಕೆಂಪು ಚುಕ್ಕೆ ಮೂಡದಿದ್ದರೆ ರಕ್ತ ನಿಂತಿತೆಂದು ಲೆಕ್ಕ. ಒಂದು ಔಷಧಿ ಗಿಡದ ಎಲೆಯ ರಸ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆಯೇ ಎಂದು ನೋಡಲು ಸಂಶೋಧಕಿ ಆರು ತಿಂಗಳಿಂದ ಮಾಡುತ್ತಿದ್ದ ಘನಕಾರ್ಯ ಇದೇ. ಏನೂ ಕುಡಿಯದ ಇಲಿಗೆ ನಾಲ್ಕು ಚುಕ್ಕೆ, ಎಲೆಯ ರಸ ಕುಡಿದದ್ದಕ್ಕೆ ಒಂಬತ್ತು. ಆ ಒಂಬತ್ತನ್ನು ಕಂಡ ದಿನ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಇವತ್ತು ಮೂರನೆಯ ಗುಂಪಿನ ಸರದಿ. ಇವಕ್ಕೆ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೆ ಎಲೆಯ ರಸವನ್ನೂ ಕೊಟ್ಟಾಗಿತ್ತು. ಮಂಪರಿನಲ್ಲಿ ಮಲಗಿದ್ದ ಮೊದಲ ಇಲಿ ಇಪ್ಪತ್ತು ಚುಕ್ಕೆ ದಾಟಿತು, ಮೂವತ್ತೂ ದಾಟಿತು. ಎರಡನೆಯ ಕಾಗದ ತೆಗೆದರೂ ನಿಲ್ಲುವ ಸೂಚನೆಯಿಲ್ಲ.

"ಸಾಕು, ಬಾಲ ಒತ್ತಿ ಹಿಡಿ," ಎಂದರು ಅವಳ ಸಂಶೋಧನೆಯ ಗೈಡು. "ಎರಡೂ ಸೇರಿದ್ರೆ ಇಷ್ಟು ಜೋರು ಅಂತ ನಾನೂ ಅಂದ್ಕೊಂಡಿರ್ಲಿಲ್ಲ. ಒಳ್ಳೇ ಫಲಿತಾಂಶ ಕಣಮ್ಮ! ಮುಖ ಯಾಕೆ ಹಾಗೆ ಮಾಡ್ಕೊಂಡೆ?"

ಅವಳಿಗೆ ತನ್ನ ಅಪ್ಪನ ನೆನಪಾಗಿತ್ತು. ಹೋದ ವರ್ಷ ಅಪ್ಪನ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಂದಿನಿಂದ ಅವರು ನುಂಗುತ್ತಿದ್ದದ್ದು ಇದೇ ಮಾತ್ರೆ. ಒಂಬತ್ತು ಚುಕ್ಕೆಯ ಜಂಭದಲ್ಲಿ, ಹತ್ತು ದಿನದ ಹಿಂದೆ, ಪ್ರಯೋಗಾಲಯದ ಹಿತ್ತಲಿನಿಂದ ಒಂದು ಚೀಲ ಎಲೆ ಕಿತ್ತು ಮನೆಗೊಯ್ದವಳು ಇವಳೇ. ದಿನಾ ಬೆಳಿಗ್ಗೆ ಕಷಾಯ ಮಾಡಿಕೊಡು ಎಂದು ಅಮ್ಮನಿಗೆ ಹೇಳಿದವಳೂ ಇವಳೇ. ಇಲಿಗೆ ಕೊಡುವಾಗ ಮೂರು ಮೂರು ಸಲ ತೂಗಿ ನೋಡುವ ಜಾಣೆ, ಅಪ್ಪನಿಗೆ ಹಿಡಿಗಟ್ಟಲೆ ಕೊಟ್ಟಿದ್ದಳು!

ಕೈಗವಸು ಕಿತ್ತೆಸೆದು ಮನೆಗೆ ಫೋನು ಮಾಡಿದಳು.

"ಅಮ್ಮಾ, ಅಪ್ಪಂಗೆ ಆ ಕಷಾಯ ಕೊಡ್ಬೇಡ!"

"ಇವತ್ತಿಂದು ಕುಡಿದಾಯ್ತಲ್ಲೇ. ಹಲ್ಲು ಕೀಳಿಸ್ಕೊಳ್ಳೋಕೆ ಹೋಗ್ಬೇಕು, ಧೈರ್ಯಕ್ಕಿರ್ಲಿ ಅಂತ ಇನ್ನೊಂದು ಲೋಟ ಜಾಸ್ತೀನೇ ಕುಡಿದ್ರು. ಹೋಗಿ ಎರಡು ಗಂಟೆ ಆಯ್ತು, ಇನ್ನೂ ಬಂದಿಲ್ಲ. ಫೋನು ಇಲ್ಲೇ ಬಿಟ್ಟೋಗಿದಾರೆ."

ಹಲ್ಲಿನ ಡಾಕ್ಟರ ಕ್ಲಿನಿಕ್ಕು ಪ್ರಯೋಗಾಲಯದಿಂದ ಎರಡು ಬೀದಿ ಆಚೆ. ಬಿಳಿ ಕೋಟಿನಲ್ಲೇ ಬಿದ್ದಂಬೀಳ ಓಡಿದಳು. ದಾರಿಯಲ್ಲಿ ಯಾರಿಗೋ ಡಿಕ್ಕಿ ಹೊಡೆದು ಬೈಸಿಕೊಂಡಳು. ಇನ್ನೂ ಕಿತ್ತಿರಬಾರದು, ಕಿತ್ತಿರಬಾರದು ಎನ್ನುವುದೊಂದೇ ಅವಳ ತಲೆಯಲ್ಲಿ.

ಕಿತ್ತಾಗಿತ್ತು. ಅಪ್ಪ ಕುರ್ಚಿಯಲ್ಲಿ ಒರಗಿದ್ದರು, ಮುಖ ಬಿಳಿಚಿಕೊಂಡು ಅಂಗಿಯ ಕಾಲರೆಲ್ಲ ಕೆಂಪಾಗಿತ್ತು. ಪಕ್ಕದ ಟ್ರೇಯಲ್ಲಿ ನೆನೆದ ಹತ್ತಿಯ ಗುಡ್ಡೆ.

"ಮಾತ್ರೆ ವಿಷಯ ಗೊತ್ತಿತ್ತು, ಎಲ್ಲಾ ಎಚ್ಚರಿಕೆ ತಗೊಂಡೇ ಕಿತ್ತೆ," ಎಂದರು ಡಾಕ್ಟರು ಬೆವರೊರೆಸಿಕೊಳ್ಳುತ್ತ. "ಹೊಲಿಗೆ ಹಾಕಿದ್ರೂ ರಕ್ತ ನಿಲ್ತಿಲ್ಲ. ಯಾಕೆ ಅಂತಾನೇ ಗೊತ್ತಾಗ್ತಿಲ್ಲ."

ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಡಾಕ್ಟರು ಅವಳನ್ನೊಮ್ಮೆ, ಅವಳ ಬಿಳಿ ಕೋಟನ್ನೊಮ್ಮೆ ನೋಡಿ, ದೊಡ್ಡಾಸ್ಪತ್ರೆಗೆ ಫೋನು ಮಾಡಿ ಆಂಬುಲೆನ್ಸ್ ಕರೆಸಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಬೇರೆ ಏನಾದ್ರೂ ಔಷಧಿ ತಗೋತಿದೀರಾ ಅಂತ ಎರಡು ಸಲ ಕೇಳಿದ್ನಲ್ಲ ಯಜಮಾನ್ರೇ. ಯಾಕೆ ಹೇಳ್ಲಿಲ್ಲ?"

ಅಪ್ಪ ಹತ್ತಿ ಕಚ್ಚಿಕೊಂಡೇ, ತೊದಲುತ್ತ, ತಪ್ಪೇನೂ ಕಾಣದವರ ಹಾಗೆ ಹೇಳಿದರು.

"ಅದು ಔಷಧಿ ಅಲ್ಲ ಡಾಕ್ಟ್ರೇ. ನನ್ನ ಮಗಳು ಕೊಟ್ಟಿದ್ದು."