ಲ್ವಾಝಿಯ ಹೆಸರಿನ ಕೆಳಗಿನ ಪದ

"ಇವನ ಹೆಸರಿನ ಕೆಳಗೆ ನಾನೇನಂತ ಬರೀಲಿ?"

ಝಿಬುಯಿಲೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಎಲೆಕೋಸಿನ ರಾಶಿ ಮಾತ್ರ. ನಾಳೆ ಅವಳ ತಾಯಿಯನ್ನು ಮಣ್ಣು ಮಾಡುವ ದಿನ. ಅಂಗಳದಲ್ಲಿ ಡೇರೆ ಎದ್ದಿತ್ತು. ಹೆಂಗಸರು ಕ್ಯಾರೆಟ್ ಹೆರೆಯುತ್ತಿದ್ದರು, ಗಂಡಸರು ದನದ ದೊಡ್ಡಿಯ ಬಳಿ ಸೇರಿದ್ದರು. ನಾಳೆ ಹಂಚುವ ಕಾರ್ಯಕ್ರಮದ ಹಾಳೆ ಮಧ್ಯಾಹ್ನದೊಳಗೆ ಅಚ್ಚಿನ ಅಂಗಡಿ ಮುಟ್ಟಬೇಕು. ಅದರಲ್ಲಿ ಒಬ್ಬೊಬ್ಬರ ಹೆಸರಿನ ಕೆಳಗೂ ಒಂದು ಪದ: ಮಗ, ನೆರೆಯವಳು, ಚರ್ಚಿನ ಗೆಳತಿ. ಕೆಲಸ ನಿಂತುಹೋದದ್ದು ಲ್ವಾಝಿಯ ಹೆಸರಿನ ಬಳಿ.

ಲ್ವಾಝಿ ಅವಳ ತೀರಿಹೋದ ಅಣ್ಣನ ಮಗ. ಇಪ್ಪತ್ತಾರರ ಪ್ರಾಯ, ಕಬ್ಬಿಣದ ಗೇಟು ಬೆಸೆಯುವುದು ಕಸುಬು. ಕೆಲಸ ಮುಗಿಸಿ ಕೈ ತೊಳೆದರೆ ನೆರಿಗೆಯ ಲಂಗ, ಕಿವಿಗೆ ಓಲೆ. ಕುಲದ ಬಿರುದಾವಳಿಯನ್ನು ಅಜ್ಜಿಯ ಕಾಲ ಬಳಿ ಕುಳಿತು ಕೊನೆಯ ಸಾಲಿನವರೆಗೆ ಕಲಿತವನು ಅವನೊಬ್ಬನೇ. ಅದನ್ನು ಹೇಳದೆ ಮಣ್ಣು ಮುಚ್ಚಿದರೆ, ಆ ಲೋಕದಲ್ಲಿ ಕಾದಿರುವ ಹಿರಿಯರು ಆಕೆಯ ಗುರುತು ಹಿಡಿಯುವುದು ಹೇಗೆ?

ಈಗ ಮನೆಗೆ ಯಜಮಾನ ತಮ್ಮ ಡೆಲಾನಿ. ಅವನದು ಒಂದೇ ಹಟ.

"ನೋಡಕ್ಕಾ, ಒಂದೋ ನಾಳೆ ಅವ್ನು ಪ್ಯಾಂಟ್ ಹಾಕ್ಲಿ. ಇಲ್ಲಾ, ಅವ್ನು ಏನು ಅಂತ ಹಾಳೇಲಿ ಅಚ್ಚಾಗ್ಲಿ. ಎರಡೂ ಆಗಲ್ಲ ಅಂದ್ರೆ ಅವ್ನು ಬಿರುದಾವಳಿ ಹೇಳೋದು ಬೇಡ."

"ಏನು ಅಂದ್ರೆ ಏನೋ? ಅಣ್ಣನ ಮಗ ಅವ್ನು."

"ಅದು ನಂಗೂ ಗೊತ್ತು. ಬಂದೋರಿಗೆ ಗೊತ್ತಾಗ್ಬೇಕಲ್ಲ."

ಡೆಲಾನಿ ತಾನೇ ಒಂದು ಪದ ಕೊಟ್ಟ. ಅದು ಟ್ಯಾಕ್ಸಿ ನಿಲ್ದಾಣದ ಬೈಗುಳ. ಕ್ಯಾರೆಟ್ ಹೆರೆಯುವವಳೊಬ್ಬಳು, "ಹೆಣ್ಣಾಗೋ ಆಸೆ ಇರ್ಬೇಕು, ಪಾಪ" ಅಂದಳು. ಪಕ್ಕದವಳು, "ಅಲ್ಲ ಕಣೇ, ಗಂಡಸರನ್ನ ಇಷ್ಟಪಡೋರು ಹೀಗೇ" ಅಂದಳು. ಝಿಬುಯಿಲೆಗೆ ತಲೆ ಸಿಡಿಯುತ್ತಿತ್ತು. ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ನೋಮ್ಫುಂಡೊ ಚಾಕು ಹಿಡಿದು ಕೋಸು ಹೆಚ್ಚಲು ಬಂದಳು.

"ನೀನಾದ್ರೂ ಹೇಳೇ. ನಿಮ್ಮ ತರಬೇತೀಲಿ ಇಂಥವ್ರಿಗೆ ಒಂದು ಪದ ಕೊಟ್ಟಿರ್ತಾರಲ್ಲ."

"ಒಂದಲ್ಲ ಅಕ್ಕ, ಹತ್ತಿಪ್ಪತ್ತಿವೆ. ಆದ್ರೆ ಬಟ್ಟೆ ನೋಡಿ ಅಂಟಿಸೋ ಹಾಗಿಲ್ಲ. ಲಂಗ ಹಾಕೋನು ಗಂಡಸಾಗೇ ಇರ್ಬಹುದು. 'ನಾನು ಹೆಣ್ಣು' ಅನ್ನಬಹುದು. 'ಎರಡೂ ಅಲ್ಲ' ಅನ್ನಬಹುದು. ಯಾರನ್ನ ಇಷ್ಟಪಡ್ತಾನೆ ಅನ್ನೋದಂತೂ ಬೇರೇನೇ ವಿಷಯ. ಅದನ್ನ ಲಂಗ ಹೇಳಲ್ಲ."

"ಮತ್ತೆ ಇನ್ಯಾರು ಹೇಳ್ತಾರೆ?"

"ಅವನೇ. ಹೇಳ್ಬೇಕು ಅನ್ನಿಸಿದ್ರೆ."

ಲ್ವಾಝಿ ಆಗತಾನೇ ಬೆಸೆದ ಮುಕ್ಕಾಲಿಯನ್ನು ಹಂಡೆಯ ಕೆಳಗಿಡುತ್ತಿದ್ದ. ಝಿಬುಯಿಲೆ ರೇಗಿದಳು. "ಲೋ, ನೀನು ಏನು ಅಂತ ಒಂದ್ಸಲ ಹೇಳ್ಬಿಡೋ. ನಾನು ಹನ್ನೆರಡರೊಳಗೆ ಹಾಳೆ ಕೊಡ್ಬೇಕು."

"ಹನ್ನೆರಡರೊಳಗಾ? ನಾನೇ ಹತ್ತು ವರ್ಷದಿಂದ ಹುಡುಕ್ತಿದೀನಿ ಅತ್ತೆ." ಅವನು ಬೆವರು ಒರೆಸಿಕೊಂಡ. "ಮೊದ್ಲು ಒಂದು ಪದ ಸಿಕ್ತು. ಅದರಿಂದಾನೇ ನಾನೊಬ್ಬನೇ ಅಲ್ಲ ಅಂತ ಗೊತ್ತಾಯ್ತು, ಗೆಳೆಯರೂ ಸಿಕ್ಕಿದ್ರು. ಆಮೇಲೆ ಅದು ಬಿಗಿಯಾಯ್ತು, ಬಿಟ್ಟೆ. ಈಗ ಇನ್ನೊಂದಿದೆ, ಮೈಗೆ ಸರಿಯಾಗಿದೆ. ಗೆಳೆಯರ ಹತ್ರ ಹೇಳ್ಕೋತೀನಿ. ಇನ್ನೂರು ಜನಕ್ಕೆ ಹಂಚಲ್ಲ."

"ಜನಕ್ಕೆ ಅನುಕೂಲ ಆಗ್ಲಿ ಅಂತ ಕಣೋ" ಎಂದ ಡೆಲಾನಿ.

ಆ ಮಾತು ಝಿಬುಯಿಲೆಯ ಕಿವಿಗೆ ಮುಳ್ಳಾಯಿತು. ಗಂಡ ಸತ್ತಾಗ ಅವಳಿಗೆ ವರ್ಷವಿಡೀ ಕರಿಬಟ್ಟೆ ಉಡಿಸಿದ್ದರು. ಕಂಡವರಿಗೆ ದೂರದಿಂದಲೇ ಗೊತ್ತಾಗಲಿ, ಅವರಿಗೆ ಅನುಕೂಲ ಎಂದಿದ್ದರು. ಜನ ತುಂಬಿದ ಟ್ಯಾಕ್ಸಿ ವ್ಯಾನಿನಲ್ಲಿ ಕಟ್ಟಕಡೆಯ ಸೀಟು. ಚರ್ಚಿನಲ್ಲಿ ಬಾಗಿಲ ಬಳಿಯ ಬೆಂಚು. "ಕರಿಬಟ್ಟೆಯವಳೇ, ಅತ್ತ ಸರಿ." ಅವಳು ಬಾಯಿ ತೆರೆಯುವ ಮೊದಲೇ ಬಟ್ಟೆ ಅವಳ ಮಾತನ್ನೆಲ್ಲ ಆಡಿ ಮುಗಿಸಿರುತ್ತಿತ್ತು. ಆ ವರ್ಷ ಅವಳನ್ನು ಹೆಸರು ಹಿಡಿದು ಕರೆದದ್ದು ತಾಯಿ ಒಬ್ಬಳೇ.

ಝಿಬುಯಿಲೆ ಪೆನ್ನಿನ ಮುಚ್ಚಳ ತೆಗೆದಳು. ಈ ಸಲ ದನಿ ತಗ್ಗಿತ್ತು. "ಲ್ವಾಝಿ, ನಿನ್ನ ಹೆಸರಿನ ಕೆಳಗೆ ಏನು ಬರೀಬೇಕು ಅಂತ ನಿಂಗೆ ಇಷ್ಟ?"

"ಮೊಮ್ಮಗ ಅಂತ ಬರಿ ಅತ್ತೆ. ಅದು ಅಜ್ಜಿ ಕೊಟ್ಟಿದ್ದು. ಯಾವತ್ತೂ ಬಿಗಿಯಾಗಿಲ್ಲ."

ಅವಳು ಬರೆದಳು.

"ಅಷ್ಟೇನಾ?" ಡೆಲಾನಿ ಮುಖ ಗಂಟಿಕ್ಕಿದ.

"ಸಾಲದಿದ್ರೆ ಬಿರುದಾವಳಿ ನೀನೇ ಹೇಳಪ್ಪ. ಎಲ್ಲಿ, ಶುರು ಮಾಡು."

ಡೆಲಾನಿ ಗಂಟಲು ಸರಿಮಾಡಿಕೊಂಡ. "ತುಂಬಿದ ಹೊಳೆ ದಾಟಿದವರೇ, ಗುರಾಣಿ ನೆನೆಯಗೊಡದವರೇ..." ಮೂರನೆಯ ಸಾಲಿಗೆ ಅವನು ಹೆಂಡತಿಯ ತವರಿನ ಕುಲಕ್ಕೆ ಹಾರಿಬಿಟ್ಟಿದ್ದ. ಹೆಂಗಸರು ಶಾಲಿನ ಅಂಚು ಕಚ್ಚಿ ನಕ್ಕರು. ಲ್ವಾಝಿ ಮುಕ್ಕಾಲಿಯ ಪಕ್ಕ ಕುಳಿತಲ್ಲಿಂದಲೇ, ಮೆಲ್ಲಗೆ, ತಪ್ಪಿದ ಸಾಲನ್ನು ಎತ್ತಿಕೊಂಡ. ಒಂದರ ಹಿಂದೊಂದು ಹೆಸರು ಬಂತು. ದೊಡ್ಡಿಯ ಬಳಿ ಗಂಡಸರು ಟೋಪಿ ತೆಗೆದರು.

ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ಹೆಣ್ಣುಡುಗೆ ತೊಡುವ ಮಗನೋ ಮೈದುನನೋ ನಿಮ್ಮ ಮನೆಯಲ್ಲೂ ಇದ್ದಾನು. ಬಟ್ಟೆ ನೋಡಿ ಅವನಿಗೆ ಪದ ಕಟ್ಟಬೇಡಿ. ನಿನ್ನನ್ನು ಹೇಗೆ ಕರೆಯಲಿ ಎಂದು ಕೇಳಿ. ಅವನು ಒಂದು ಪದ ಹೇಳಿದರೆ ಅದನ್ನೇ ಆಡಿ; ನಾಳೆ ಬದಲಿಸಿದರೆ ನೀವೂ ಬದಲಿಸಿ; ಬೇಡವೆಂದರೆ ಹೆಸರು ಹಿಡಿದು ಕರೆಯಿರಿ. ನಿಮ್ಮೊಬ್ಬರಿಗೇ ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬೇಡಿ. ಒಂದು ಪದ ಹೇಳೆಂದು ಯಾರಾದರೂ ನಿಮ್ಮನ್ನು ಪೀಡಿಸಿದರೆ ಝಿಬುಯಿಲೆಯನ್ನು ನೆನೆಯಿರಿ. ಅಂದು ಹಾಳೆ ಹಿಡಿದು ಅಚ್ಚಿನ ಅಂಗಡಿಗೆ ಹೊರಟ ಅವಳನ್ನು ಡೆಲಾನಿ ಗೇಟಿನವರೆಗೂ ಹಿಂಬಾಲಿಸಿದ್ದ.

"ಅಕ್ಕಾ, ಕೊನೇಲಿ, ಸಣ್ಣಕ್ಷರದಲ್ಲಾದ್ರೂ ಒಂದು ಪದ ಹಾಕ್ಸು."

"ಹಾಕ್ಸಲ್ಲ."